ಅಕ್ಕನ ಸಣ್ಣ ಗಾಯ

ಮದುವೆಯಾಗಿ ಬಂದ ದಿನದಿಂದಲೂ ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆದೆ. ಕಂಪ್ಲಿಯಲ್ಲಿ ನಮ್ಮದು ಒಂದೇ ಒಲೆಯ ಮನೆ. ರಸ್ತೆಯ ಕಡೆಗೆ ಅಕ್ಕಿ ಗಿರಣಿ, ಹಿಂದೆ ಮನೆ, ನಡುವೆ ಭತ್ತ ಒಣಗಿಸುವ ಕಣ. ಕಾಲುವೆ ನೀರು ಬಂದು ವರ್ಷಕ್ಕೆ ಎರಡು ಬೆಳೆ ಕೈಗೆ ಹತ್ತಿದ ಮೇಲೆ ಮಾವನವರು ಕಟ್ಟಿಸಿದ ಗಿರಣಿ ಅದು. ನಾನು ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಗಿರಣಿಯನ್ನು ಭಾವ ನೋಡುತ್ತಿದ್ದರು, ಹೊಲವನ್ನು ನನ್ನ ಗಂಡ. ಒಳಗೆ ಅತ್ತೆ, ಅಕ್ಕ, ನಾನು. ಸುಗ್ಗಿಯಲ್ಲಿ ದಿನಕ್ಕೆ ಮೂವತ್ತು ಮಂದಿಗೆ ರೊಟ್ಟಿ ಬಡಿಯಬೇಕಾಗುತ್ತಿತ್ತು.

ನಾನು ಯಶವಂತನಗರದವಳು. ಅಪ್ಪ ಗಣಿ ಕೆಲಸದಲ್ಲಿದ್ದರು. ಸಂಡೂರಿನಲ್ಲಿ ಪಿಯುಸಿ ಮುಗಿಸಿದ್ದೆ. ಇಂಗ್ಲಿಷ್ ಓದಲು ಬರುತ್ತಿತ್ತು. ಗಂಡನ ಮನೆಯಲ್ಲಿ ಅದು ಬರುತ್ತಿದ್ದದ್ದು ನನಗೊಬ್ಬಳಿಗೇ. ಭಾವ ಏಳನೇ ಕ್ಲಾಸಿಗೆ ಬಿಟ್ಟವರು, ನನ್ನ ಗಂಡನದು ಅದಕ್ಕಿಂತ ಸ್ವಲ್ಪ ಹೆಚ್ಚು, ಅಕ್ಕ ಹೆಸರು ಬರೆಯುವಷ್ಟು ಕಲಿತವಳು. ಔಷಧಿಯ ಚೀಟಿ ಬಂದರೂ ಆಫೀಸಿನ ಕಾಗದ ಬಂದರೂ ನನ್ನ ಕೈಗೆ ಕೊಡುತ್ತಿದ್ದರು. ನಾನು ಓದಿ ಹೇಳಿದ್ದೇ ಮನೆಯವರಿಗೆಲ್ಲ ಖರೆ.

ನನ್ನ ಮಗಳು ಹುಟ್ಟಿದ್ದು ಹೊಸಪೇಟೆಯ ಆಸ್ಪತ್ರೆಯಲ್ಲಿ, ಹೊಟ್ಟೆ ಕೊಯ್ದು. ಹೊಕ್ಕುಳಿಂದ ಕೆಳಗೆ ಗೇಣುದ್ದದ ಹೊಲಿಗೆ. ಅದರಲ್ಲಿ ಕೀವು ತುಂಬಿ ನಾನು ನಲವತ್ತು ದಿನ ಮೇಲೇಳಲಿಲ್ಲ. ಅಷ್ಟು ದಿನವೂ ಅಕ್ಕ ನನ್ನನ್ನು ಎತ್ತಿ ಕೂರಿಸಿದಳು, ಬಚ್ಚಲಿಗೆ ಕರೆದೊಯ್ದಳು, ಕೂಸಿಗೆ ಎರೆದಳು, ನನ್ನ ಬಟ್ಟೆ ಒಗೆದಳು. ಅವಳಿಗೆ ಮಕ್ಕಳಾಗಿರಲಿಲ್ಲ. ಮಗಳು ನನ್ನ ಪಕ್ಕಕ್ಕಿಂತ ಅವಳ ಪಕ್ಕದಲ್ಲೇ ಹೆಚ್ಚು ಮಲಗಿದ್ದಾಳೆ. ಮುಂದೆ ನಾನು ಏನು ಮಾಡಿದೆ ಎಂದು ಹೇಳುವ ಮೊದಲು ಇದನ್ನು ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ್ದರ ತೂಕ ತಿಳಿಯುವುದಿಲ್ಲ.

ಮಗಳು ಶಾಲೆಗೆ ಹೋಗತೊಡಗಿ ಮೂರು ನಾಲ್ಕು ವರ್ಷವಾಗಿತ್ತು. ತೊಂಬತ್ತರ ದಶಕ ಅರ್ಧ ದಾಟಿತ್ತು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅಕ್ಕ ಮೆಲ್ಲಗೆ ಹೇಳಿದಳು.

“ತಂಗಿ, ಹೊರಕಡಿಗೆ ಹೋದಾಗ ರಕ್ತ ಬೀಳಾಕತ್ತೈತಿ.”

“ಎಷ್ಟು ದಿನದಿಂದ?”

“ದೀಪಾವಳಿ ಮುಂಚಿಂದ. ಹೇಳಾಕ ನಾಚಿಕಿ ಆತು.”

ನಾನು ಓದಿದವಳು ಎಂಬ ಕಾರಣಕ್ಕೆ ನನಗೆ ಮೊದಲು ಹೇಳಿದ್ದಳು. ನಾನು ಒಂದು ಪ್ರಶ್ನೆಯನ್ನೂ ಹೆಚ್ಚು ಕೇಳದೆ, “ಮೂಲವ್ಯಾಧಿ ಅಕ್ಕಾ. ಖಾರ ಕಡಿಮಿ ಮಾಡು, ಮಜ್ಜಿಗಿ ಕುಡಿ” ಎಂದೆ. ಔಷಧಿ ಅಂಗಡಿಯಿಂದ ಮುಲಾಮು ತರಿಸಿಕೊಟ್ಟೆ. ಅವಳು ಅದನ್ನು ಎರಡು ತಿಂಗಳು ಹಚ್ಚಿಕೊಂಡಳು. ಹೊಟ್ಟೆ ನುಲಿಯುತ್ತದೆ ಎಂದಳು, ರೊಟ್ಟಿ ಬೇಡವೆಂದಳು, ಕುಪ್ಪಸ ಸಡಿಲವಾಯಿತು. ಕೊನೆಗೆ ಒಂದು ದಿನ ಕಣದಲ್ಲಿ ಭತ್ತ ಕಾಲಾಡಿಸುತ್ತಿದ್ದವಳು ತಲೆ ಸುತ್ತಿ ಕುಸಿದು ಕೂತಾಗ ಭಾವ ಹೊಸಪೇಟೆಗೆ ಕರೆದುಕೊಂಡು ಹೋದರು. ಅಲ್ಲಿಯ ವೈದ್ಯರು ಪರೀಕ್ಷೆ ಮಾಡಿಸಿ, ಭಾವನನ್ನು ಬೇರೆ ಕರೆದು, ದೊಡ್ಡ ಕರುಳಿನಲ್ಲಿ ಗಂಟು ಇದೆ, ಕ್ಯಾನ್ಸರ್, ಬೆಂಗಳೂರಿಗೆ ಹೋಗಿ ಎಂದರು. ಅಲ್ಲಿ ಈಗ ಹೊಟ್ಟೆಯನ್ನು ಪೂರ್ತಿ ಸೀಳದೆ, ಸಣ್ಣ ತೂತುಗಳಿಂದ ಕೊಳವೆ ಇಳಿಸಿ ಆಪರೇಷನ್ ಮಾಡುವ ಒಬ್ಬರಿದ್ದಾರೆ ಎಂದೂ ಹೇಳಿದರು.

ಬೆಂಗಳೂರಿಗೆ ಭಾವನ ಜೊತೆ ನಾನೂ ಹೋದೆ. ಇಂಗ್ಲಿಷ್ ಬೇಕಾದೀತು ಎಂದು. ಕಾರು ಕಮಲಾಪುರ ದಾಟುವಾಗ ಅಕ್ಕ ಹಂಪಿಯ ದಿಕ್ಕಿಗೆ ತಿರುಗಿ ಕೈ ಮುಗಿದಳು.

ಬೆಂಗಳೂರಿನ ಆ ಸರ್ಜನ್ ನಲವತ್ತು ದಾಟದ ಮನುಷ್ಯ. ಇಂಗ್ಲಿಷೇನೂ ಬೇಕಾಗಲಿಲ್ಲ, ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ಕನ್ನಡದಲ್ಲೇ ವಿವರಿಸಿದರು. ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸುತ್ತಾರೆ. ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಕತ್ತರಿ, ಚಿಮಟ. ಟಿವಿ ನೋಡುತ್ತಾ ಕತ್ತರಿಸುತ್ತಾರೆ. ಕತ್ತರಿಸಿದ ಭಾಗವನ್ನು ಹೊರತೆಗೆಯಲು ಕೆಳಹೊಟ್ಟೆಯಲ್ಲಿ ನಾಲ್ಕು ಬೆರಳಗಲದ ಒಂದು ಗೀರು. “ಪಿತ್ತಕೋಶದ ಆಪರೇಷನ್ ಹೀಗೆ ಬಹಳ ಮಾಡಿದ್ದೇನೆ. ಕರುಳಿನದು ಇನ್ನೂ ಕೆಲವೇ. ಒಳಗೆ ಕಷ್ಟ ಅನ್ನಿಸಿದರೆ ಮಾಮೂಲಿನಂತೆ ದೊಡ್ಡದಾಗಿ ತೆರೆಯುತ್ತೇನೆ. ಒಪ್ಪಿಗೆಯೇ?” ಎಂದರು.

ಭಾವ ನನ್ನ ಮುಖ ನೋಡಿದರು. ಅಕ್ಕ ಯಾರ ಮುಖವನ್ನೂ ನೋಡದೆ, “ಜಲ್ದಿ ಮಾಡ್ರಿ ಸರ. ಮನ್ಯಾಗ ಕೆಲಸ ಭಾಳ ಐತಿ” ಎಂದಳು. ಸರ್ಜನ್ ನಕ್ಕರು.

ಐದು ತಾಸು ಹಿಡಿಯಿತು. ದೊಡ್ಡದಾಗಿ ತೆರೆಯಬೇಕಾಗಲಿಲ್ಲ. ಮರುದಿನ ಸಂಜೆಗೇ ಅವಳನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು. ನನ್ನ ನಲವತ್ತು ದಿನ ನೆನಪಾಗಿ ನನಗೆ ಆಶ್ಚರ್ಯವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಪಟ್ಟಿ, ಕೆಳಗೆ ಒಂದು ದೊಡ್ಡ ಪಟ್ಟಿ, ಅಷ್ಟೇ.

“ತಂಗಿ, ಭುಜ ಭಾಳ ನೋಯಾಕತ್ತೈತಿ” ಎಂದು ಅವಳು ನರಳಿದಳು.

“ಕೊಯ್ದಿದ್ದು ಹೊಟ್ಟಿ. ಭುಜ ಯಾಕ ನೋಯ್ತೈತಿ ಅಕ್ಕಾ?” ಎಂದು ನಾನು ನಕ್ಕೆ.

ನರ್ಸ್ ಬಂದು, ಹೊಟ್ಟೆಗೆ ತುಂಬಿದ ಗಾಳಿ ಸ್ವಲ್ಪ ಉಳಿದಿರುತ್ತದೆ, ಅದು ಮೇಲಕ್ಕೆ ಒತ್ತಿ ಭುಜ ನೋಯುತ್ತದೆ, ಎರಡು ಮೂರು ದಿನದಲ್ಲಿ ಹೋಗುತ್ತದೆ ಎಂದಳು. ನನಗೆ ಅರ್ಥವಾಯಿತು. ಆದರೂ ಊರಿಗೆ ಬಂದ ಮೇಲೆ ಅದನ್ನು ನಗೆಚಾಟಿಕೆಯ ಹಾಗೆ ಎಲ್ಲರಿಗೂ ಹೇಳಿದೆ. ‘ನಮ್ಮಕ್ಕಗ ಹೊಟ್ಟಿ ಕೊಯ್ದ್ರ ಭುಜ ನೋಯ್ತಂತ.’ ಹೆಂಗಸರೆಲ್ಲ ನಕ್ಕರು. ಅಕ್ಕ ಒಳಗೆ ಮಲಗಿದ್ದಳು, ಅವಳಿಗೆ ಕೇಳಿಸಿತ್ತು.

ಬಿಡುಗಡೆಯ ದಿನ ಸರ್ಜನ್ ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ಎರಡು ಮಾತು ಹೇಳಿದ್ದರು. ಒಂದು, “ಹೊರಗಿನ ಗಾಯ ಸಣ್ಣದು. ಒಳಗೆ ಗೇಣಿಗಿಂತ ಹೆಚ್ಚು ಕರುಳು ತೆಗೆದು ಜೋಡಿಸಿದ್ದೇನೆ. ಆರು ವಾರ ಕೊಡ ಎತ್ತಬಾರದು.” ಎರಡನೆಯದು, ಗಂಟಿನ ಪಕ್ಕದ ಎರಡು ಗ್ರಂಥಿಗಳಲ್ಲಿ ರೋಗ ಕಂಡಿದೆ, ಆದ್ದರಿಂದ ಆರು ತಿಂಗಳು, ತಿಂಗಳಿಗೆ ಐದು ದಿನ ಬಂದು ಇಂಜೆಕ್ಷನ್ ತೆಗೆದುಕೊಳ್ಳಬೇಕು. ತಪ್ಪಿಸಬಾರದು.

ಅಕ್ಕ ಎಂಟನೆಯ ದಿನ ತನ್ನ ಕಾಲಿನಲ್ಲೇ ನಡೆದು ಮನೆಯ ಹೊಸ್ತಿಲು ದಾಟಿದಳು. ಅದೇ ಅವಳಿಗೆ ಕೇಡಾಯಿತು. ಅತ್ತೆ ಅವಳನ್ನು ಒಳಗೆ ಕರೆದೊಯ್ದು ಪಟ್ಟಿ ನೋಡಿ ಹೊರಗೆ ಬಂದು, “ಇಷ್ಟಕ್ಕ ಬೆಂಗಳೂರಿಗೆ ಹೋಗಬೇಕಿತ್ತೇನು? ಕುರು ಒಡದಂಗ ಐತಿ” ಎಂದರು. ನೋಡಲು ಬಂದ ನೆಂಟರು ನಿರಾಶರಾದಂತೆ ಹೋದರು. ದೊಡ್ಡ ಆಪರೇಷನ್ ಅಂದಿದ್ದರಲ್ಲ, ಇವಳು ಎದ್ದು ಕೂತು ಚಹಾ ಕುಡಿಯುತ್ತಿದ್ದಾಳಲ್ಲ, ಎನ್ನುವ ಹಾಗೆ.

ಕ್ಯಾನ್ಸರ್ ಎಂಬ ಮಾತನ್ನು ಭಾವ ಮನೆಯಲ್ಲಿ ಎತ್ತಿರಲಿಲ್ಲ, ಗಂಟು ಎಂದಷ್ಟೇ ಹೇಳಿದ್ದರು. ಅಕ್ಕನಿಗೂ ಅಷ್ಟೇ ಗೊತ್ತು. ಗಾಯ ಸಣ್ಣದು, ಆದ್ದರಿಂದ ಗಂಟೂ ಸಣ್ಣದು ಎಂದು ಅವಳು ನಂಬಿದ್ದಳು. ಪೂರ್ತಿ ಗೊತ್ತಿದ್ದದ್ದು ಭಾವನಿಗೆ ಮತ್ತು ನನಗೆ. ಭಾವ ಗಿರಣಿಗೆ ಹೋಗಿಬಿಡುತ್ತಿದ್ದರು. ಮನೆಯೊಳಗೆ ಗೊತ್ತಿದ್ದವಳು ನಾನೊಬ್ಬಳೇ.

ಹದಿನೈದು ದಿನ ನಾನು ಒಬ್ಬಳೇ ರೊಟ್ಟಿ ಬಡಿದೆ. ಅಂಗೈ ಉರಿಯುತ್ತಿತ್ತು, ಸೊಂಟ ಹಿಡಿದಿತ್ತು. ಹದಿನಾರನೆಯ ದಿನ ಅಕ್ಕ ತಾನಾಗಿ ಬಂದು ಒಲೆಯ ಮುಂದೆ ಕುಳಿತಳು. “ನೀ ಏಳು, ಸ್ವಲ್ಪ ಆರಾಮ ಮಾಡು” ಎಂದಳು. ಆರು ವಾರದ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. “ಬ್ಯಾಡ ಅಕ್ಕಾ” ಎಂದು ಒಂದೇ ಸಲ ಅಂದೆ, ಎದ್ದು ಹೋಗಿ ಮಲಗಿದೆ. ಒಂದು ವಾರ ಕಳೆಯುವುದರೊಳಗೆ ಅವಳು ನಲ್ಲಿಯಿಂದ ಕೊಡ ಹೊರುತ್ತಿದ್ದಳು. ಎಡಗೈಯನ್ನು ಕೆಳಹೊಟ್ಟೆಗೆ ಒತ್ತಿ ಹಿಡಿದು, ಬಲಗಡೆ ಕೊಡ ಇಟ್ಟುಕೊಂಡು ಅಂಗಳ ದಾಟುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಗೊತ್ತಿತ್ತು, ನೋಡುತ್ತಲೇ ಇದ್ದೆ.

ಎರಡು ತಿಂಗಳು ಇಂಜೆಕ್ಷನ್ನಿಗೆ ಹೋಗಿ ಬಂದೆವು. ಜೊತೆಗೆ ಹೋಗುವವಳು ನಾನೇ. ಬಾಯಿ ಹುಣ್ಣಾಗಿ ಅವಳಿಗೆ ಖಾರ ಮುಟ್ಟಲಾಗುತ್ತಿರಲಿಲ್ಲ. ಮೂರನೆಯ ತಿಂಗಳು ಕಟಾವು ಹತ್ತಿತು, ಗಿರಣಿಯ ಮುಂದೆ ಭತ್ತದ ಲಾರಿಗಳು ನಿಂತವು. ಮುಂದಿನ ವಾರ ಹೋದರಾಯಿತು ಎಂದರು ಭಾವ. ಅಷ್ಟರಲ್ಲಿ ಸರ್ಜನ್ ಅವರಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿದ ಪತ್ರ ಬಂತು. ಭಾವ ಅದನ್ನು ಒಡೆಯದೆ ಒಳಗೆ ಕಳಿಸಿಕೊಟ್ಟರು.

ನಾನು ಪಡಸಾಲೆಯಲ್ಲಿ ನಿಂತು ಓದಿದೆ. ನೀವು ಬರಬೇಕಾದ ದಿನ ದಾಟಿದೆ, ಇಂಜೆಕ್ಷನ್ ಅರ್ಧಕ್ಕೆ ಬಿಡುವುದು ಸರಿಯಲ್ಲ, ರೋಗ ಮರಳುವ ಸಂಭವವಿದೆ, ಈ ಪತ್ರ ಕಂಡ ಕೂಡಲೇ ಬನ್ನಿ. ಅಷ್ಟು ಸ್ಪಷ್ಟವಾಗಿತ್ತು.

ಅದೇ ವಾರ ಯಶವಂತನಗರದಲ್ಲಿ ನನ್ನ ತಮ್ಮನ ಮದುವೆ ಇತ್ತು. ಅಕ್ಕ ಬೆಂಗಳೂರಿಗೆ ಹೋದರೆ ನಾನು ಅವಳ ಜೊತೆ ಹೋಗಬೇಕು. ಹೋಗದಿದ್ದರೂ ಮೂವತ್ತು ಮಂದಿಯ ಅಡುಗೆ ಬಿಟ್ಟು ತವರಿಗೆ ಹೋಗಲು ಅತ್ತೆ ಬಿಡುತ್ತಿರಲಿಲ್ಲ. ಅಕ್ಕ ಮನೆಯಲ್ಲಿದ್ದರೆ ಮಾತ್ರ ನನಗೆ ಮದುವೆ.

“ಏನಂತ ಬರ್ದಾರವಾ?” ಅತ್ತೆ ಕೇಳಿದರು. ಅಕ್ಕ ಅಕ್ಕಿ ಆರಿಸುತ್ತಾ ತಲೆಯೆತ್ತಿ ನೋಡಿದಳು.

“ಆರಾಮ ಅದಾರಂತ. ಸುಗ್ಗಿ ಮುಗದ ಮ್ಯಾಲ ಒಂದ ಸಲ ಬಂದು ತೋರಿಸ್ರಿ ಅಂದಾರ” ಎಂದೆ.

ನನ್ನ ದನಿ ನಡುಗಲಿಲ್ಲ. ಅದನ್ನು ಯೋಚಿಸಿದರೆ ಇವತ್ತಿಗೂ ಹೆದರಿಕೆಯಾಗುತ್ತದೆ. ಅಕ್ಕನ ಮುಖ ಅರಳಿತು. “ಸದ್ಯ ಪಾರಾದೆ ನೋಡು. ಆ ಇಂಜೆಕ್ಷನ್ ಬ್ಯಾಡಪ್ಪ ಬ್ಯಾಡ” ಎಂದಳು. ಸಂಜೆ ಭಾವ ಕೇಳಿದಾಗಲೂ ಅದನ್ನೇ ಹೇಳಿದೆ. ಅವರು ‘ಹೌದೇನು’ ಎಂದು ಒಂದು ಗಳಿಗೆ ನಿಂತು, ಲಾರಿಯವನು ಕರೆದನೆಂದು ಹೊರಗೆ ಹೋದರು. ಪತ್ರವನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಮದುವೆಯಿಂದ ಬಂದ ಮೇಲೆ, ತಡವಾಗಿ ತಿಳಿಯಿತು ಎಂದು ಏನಾದರೊಂದು ನೆವ ಹೇಳಿ ಅವಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಮದುವೆಗೆ ಹೊರಟಾಗ ಅಕ್ಕ ತನ್ನ ಹಸಿರು ಇಳಕಲ್ ಸೀರೆ ತೆಗೆದುಕೊಟ್ಟಳು, ಮಗಳಿಗೆ ಜಡೆ ಹೆಣೆದಳು. ನಾನು ಐದು ದಿನ ತವರಿನಲ್ಲಿದ್ದೆ. ಬಂದ ಮೇಲೆ ನೆವ ಹುಡುಕಲಿಲ್ಲ. ಒಂದು ಸುಳ್ಳನ್ನು ತಿದ್ದಲು ಇನ್ನೊಂದು ಸುಳ್ಳು ಬೇಕಾಗಿತ್ತು, ಸಿಕ್ಕಿಬೀಳುತ್ತೇನೆ ಎಂಬ ಭಯ. ಅಕ್ಕ ಮೈ ತುಂಬಿಕೊಂಡಿದ್ದಳು, ಬಾಯಿ ಹುಣ್ಣು ಮಾಯ್ದಿತ್ತು, ಮಗಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಭಾವ ಹೋಗೋಣವೇ ಎಂದಾಗ ಅವಳೇ ಬೇಡವೆಂದಳು. ನಾನು ಸುಮ್ಮನಿದ್ದೆ. ಡಾಕ್ಟರು ಹೆದರಿಸುವುದು ಇದ್ದದ್ದೇ ಎಂದುಕೊಂಡೆ.

ಮುಂದಿನ ವರ್ಷದ ನಾಟಿಯ ಕಾಲಕ್ಕೆ ಅವಳ ಹೊಟ್ಟೆ ಉಬ್ಬಿತು. ಮೂರು ದಿನ ಮಲ ಇಲ್ಲ, ಗಾಳಿ ಇಲ್ಲ, ಕುಡಿದ ನೀರೂ ವಾಂತಿ. ಬೆಂಗಳೂರಿನವರೆಗೆ ಹೋಗುವ ಸ್ಥಿತಿಯಿರಲಿಲ್ಲ, ಬಳ್ಳಾರಿಗೆ ಒಯ್ದೆವು. ಅಲ್ಲಿ ಕೂಡಲೇ ಹೊಟ್ಟೆ ತೆರೆದರು, ಈ ಸಲ ಎದೆಗೂಡಿನ ಕೆಳಗಿಂದ ಕೊನೆಯವರೆಗೆ. ರೋಗ ಮರಳಿ ಕರುಳನ್ನು ಬಿಗಿದಿತ್ತು, ಯಕೃತ್ತಿಗೂ ಹೋಗಿತ್ತು. ತೆಗೆಯಲಾಗಲಿಲ್ಲ. ಕರುಳಿನ ತುದಿಯನ್ನು ಹೊಟ್ಟೆಯ ಎಡಬದಿಗೆ ತಂದು ಮಲ ಹೋಗಲು ದಾರಿ ಮಾಡಿ, ಅದಕ್ಕೊಂದು ಚೀಲ ಅಂಟಿಸಿದರು.

ಅಲ್ಲಿಯ ವೈದ್ಯರು ಭಾವನನ್ನೂ ನನ್ನನ್ನೂ ಹೊರಗೆ ಕರೆದು ಕೇಳಿದರು. “ಇಂಜೆಕ್ಷನ್ ಯಾಕೆ ನಿಲ್ಲಿಸಿದಿರಿ?”

“ಬೆಂಗಳೂರಿನ ಡಾಕ್ಟ್ರು ಪತ್ರ ಬರ್ದಿದ್ರು ಸರ, ಆರಾಮ ಅದಾರ, ಸುಗ್ಗಿ ಮುಗದ ಮ್ಯಾಲ ಬರ್ರಿ ಅಂತ” ಎಂದರು ಭಾವ.

“ಯಾವ ಡಾಕ್ಟರೂ ಹಾಗೆ ಬರೆಯುವುದಿಲ್ಲ. ಆ ಪತ್ರ ಇದೆಯೇ?”

ಭಾವ ನನ್ನ ಕಡೆ ತಿರುಗಿದರು. ನಾನು ನೆಲ ನೋಡುತ್ತಾ, “ಎಲ್ಲೋ ಕಳದೈತ್ರಿ” ಎಂದೆ. ಭಾವ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಅವತ್ತಿನಿಂದ ನನ್ನನ್ನು ಯಾವ ಕಾಗದವನ್ನೂ ಓದಲು ಕೇಳಲಿಲ್ಲ. ಗಿರಣಿಗೆ ಬಂದ ಇಂಗ್ಲಿಷ್ ಪತ್ರಗಳನ್ನು ಪೇಟೆಯಲ್ಲಿ ಓದಿಸಿಕೊಂಡು ಬರುತ್ತಿದ್ದರು.

ಇಂಜೆಕ್ಷನ್ ಪೂರ್ತಿಯಾಗಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಆ ವೈದ್ಯರನ್ನು ಒಬ್ಬಳೇ ಹೋಗಿ ಕೇಳಿದೆ. “ಉಳಿಯಬಹುದಿತ್ತು, ಇಲ್ಲದೆಯೂ ಇರಬಹುದಿತ್ತು. ಯಾರೂ ಖಚಿತವಾಗಿ ಹೇಳಲಾರರು” ಎಂದರು. ಇಲ್ಲ ಎಂದಿದ್ದರೆ ಬಿಡುಗಡೆಯಾಗುತ್ತಿತ್ತು, ಹೌದು ಎಂದಿದ್ದರೆ ಬಹುಶಃ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದೆ. ಅವರು ಎರಡನ್ನೂ ಅನ್ನಲಿಲ್ಲ. ಮನೆಗೆ ಬಂದ ದಿನವೇ ಪತ್ರವನ್ನು ಒಲೆಗೆ ಹಾಕಿದೆ.

ಈಗ ಇಡೀ ಮನೆ ಅಕ್ಕನ ಸುತ್ತ ನಿಂತಿತು. ಎದೆಯಿಂದ ಕೆಳಗಿನವರೆಗಿನ ಹೊಲಿಗೆ ನೋಡಿ ಅತ್ತೆ ಅತ್ತರು, ತಾವೇ ಗಂಜಿ ಕಾಯಿಸಿ ಕುಡಿಸಿದರು. ಅವಳನ್ನು ನಡುಮನೆಯ ಮಂಚದ ಮೇಲೆ ಮಲಗಿಸಿ ಫ್ಯಾನು ಹಾಕಿದರು, ಅಡುಗೆಗೆ ಇಬ್ಬರು ಹೆಂಗಸರನ್ನು ಗೊತ್ತು ಮಾಡಿದರು. ಅಷ್ಟು ಸುಲಭವಾಗಿತ್ತು ಅದು, ಅಡುಗೆಗೆ ಜನ ಇಡುವುದು.

“ಗಾಯ ದೊಡ್ಡದಾದ್ರ ಇಷ್ಟು ಉಪಚಾರ ಆಕೈತಿ ಅಂತ ಮೊದ್ಲ ಗೊತ್ತಿದ್ರ, ಆಗ ಬೆಂಗಳೂರಿನ ಡಾಕ್ಟ್ರಿಗೆ ಇನ್ನಷ್ಟು ಕೊಯ್ರಿ ಅಂತಿದ್ದೆ” ಎಂದಳು ಅಕ್ಕ ಒಂದು ದಿನ. ನಗುವೇ ಇತ್ತು ಅವಳ ಮುಖದಲ್ಲಿ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು.

ಚೀಲ ಬಿಚ್ಚಿ ತೊಳೆಯುವ ಕೆಲಸ ನಾನು ಕೇಳಿ ಪಡೆದೆ. ದಿನಕ್ಕೆ ಮೂರು ಸಲ, ಕೆಲವು ದಿನ ಐದು ಸಲ. ಬೆಚ್ಚಗಿನ ನೀರಿನಲ್ಲಿ ಅರಿವೆ ಅದ್ದಿ ಸುತ್ತಲಿನ ಚರ್ಮ ಒರೆಸಿ, ಒಣಗಿಸಿ, ಹೊಸ ಚೀಲ ಅಂಟಿಸಬೇಕು. ಮೊದಲ ಕೆಲವು ದಿನ ಅಕ್ಕ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಆಮೇಲೆ ರೂಢಿಯಾಯಿತು. ನಾನು ತೊಳೆಯುವಾಗ ಅವಳು ಗಿರಣಿಯ ಸುದ್ದಿ ಕೇಳುತ್ತಿದ್ದಳು. ಹಿಂದೆ ಪಟ್ಟಿ ಹಾಕಿದ್ದ ಆ ನಾಲ್ಕು ತೂತುಗಳ ಕಲೆಗಳು ಎಷ್ಟು ಸಣ್ಣಗಾಗಿದ್ದವೆಂದರೆ, ಹೊಸ ಹೊಲಿಗೆಯ ಪಕ್ಕದಲ್ಲಿ ಹುಡುಕಬೇಕಾಗುತ್ತಿತ್ತು.

ಐದಾರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಚೀಲ ಬದಲಿಸುತ್ತಿದ್ದಾಗ ತಡೆಯಲಾಗಲಿಲ್ಲ.

“ಅಕ್ಕಾ, ಬೆಂಗಳೂರಿಂದ ಬಂದ ಪತ್ರ... ಅದರಾಗ ಹಂಗ ಬರ್ದಿರಲಿಲ್ಲ. ಜಲ್ದಿ ಬರ್ರಿ, ಇಂಜೆಕ್ಷನ್ ಬಿಡಬ್ಯಾಡ್ರಿ ಅಂತ ಇತ್ತು. ತಮ್ಮನ ಮದಿವಿ ತಪ್ತೈತಿ ಅಂತ ನಾನ ಸುಳ್ಳು ಓದಿದೆ.”

ಅವಳು ನನ್ನನ್ನು ನೋಡಿದಳು. ಹೊರಗೆ ಗಿರಣಿ ಓಡುತ್ತಿತ್ತು, ಮನೆಯ ನೆಲ ಸಣ್ಣಗೆ ಅದುರುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೇ ಇತ್ತು ನನಗೆ.

“ನನ್ನ ಕೇಳಿದ್ರ, ನೀ ಮದಿವಿಗೆ ಹೋಗು, ನಾ ನಿಮ್ಮ ಭಾವನ ಜೋಡಿ ಹೋಗ್ತೀನಿ ಅಂತಿದ್ದೆ. ಅತ್ತಿಗೂ ನಾನ ಹೇಳ್ತಿದ್ದೆ” ಎಂದಳು. “ಯಾಕ ಕೇಳ್ಲಿಲ್ಲ?”

ಒದ್ದೆ ಅರಿವೆ ನನ್ನ ಕೈಯಲ್ಲೇ ಇತ್ತು.

“ಇವತ್ತು ನೀ ಬ್ಯಾಡ. ಅತ್ತಿನ್ನ ಕರಿ” ಎಂದು ಅವಳು ಗೋಡೆಗೆ ತಿರುಗಿದಳು.

ನಾಲ್ಕು ದಿನ ಅವಳು ನನ್ನನ್ನು ಮುಟ್ಟಗೊಡಲಿಲ್ಲ. ಅತ್ತೆಗೆ ಕೈ ನಡುಗುತ್ತಿತ್ತು, ಚೀಲ ಸರಿಯಾಗಿ ಅಂಟದೆ ಸೋರಿ ಅವಳ ಚರ್ಮ ಕೆಂಪಾಗಿ ಸುಲಿಯಿತು. ಐದನೆಯ ದಿನ ಅತ್ತೆ ಹೊರಗಿದ್ದಾಗ ನನ್ನನ್ನು ಕರೆದಳು. “ಉರಿಯಾಕತ್ತೈತಿ. ನೀನ ಮಾಡು” ಎಂದಳು. ಅದು ಕ್ಷಮೆಯಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಉರಿಯುತ್ತಿತ್ತು, ನನ್ನ ಕೈ ಚೆನ್ನಾಗಿ ಮಾಡುತ್ತಿತ್ತು, ಅಷ್ಟೇ. ಆಮೇಲೆಯೂ ಅವಳು ನನ್ನ ಜೊತೆ ಮಾತಾಡಿದಳು, ಮಗಳ ಓದಿನ ಬಗ್ಗೆ, ಹಪ್ಪಳದ ಬಗ್ಗೆ. ಆದರೆ ತಂಗಿ ಎಂದು ಕರೆಯಲಿಲ್ಲ. ಮಗಳ ತಾಯಿಯನ್ನು ಕರೆಯುವಂತೆ, “ಏ, ಇವಳ ಅವ್ವಾ” ಎನ್ನುತ್ತಿದ್ದಳು.

ಹೊಸ ಭತ್ತ ಗಿರಣಿಗೆ ಬರುತ್ತಿದ್ದ ಒಂದು ಮಧ್ಯಾಹ್ನ, ಮಗಳು ಶಾಲೆಯಿಂದ ಬರುವ ಮೊದಲೇ ಅವಳು ಹೋದಳು. ನಮ್ಮ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದರು. ಗಿರಣಿ ಮೂರು ದಿನ ನಿಂತಿತ್ತು.

ಕಾರ್ಯದ ದಿನ ಬಂದವರೆಲ್ಲ ನನ್ನ ಕೈ ಹಿಡಿದು ಹೊಗಳಿದರು. ಹೊಟ್ಟೆಯ ಚೀಲ ತೊಳೆದದ್ದು, ಒಂದು ದಿನವೂ ಬೇಸರ ಮಾಡದ್ದು ಊರಿಗೆಲ್ಲ ಗೊತ್ತಾಗಿತ್ತು. “ಒಡಹುಟ್ಟಿದಾಕಿನೂ ಹಿಂಗ ಮಾಡಂಗಿಲ್ಲ. ಸೊಸಿ ಅಂದ್ರ ಈಕಿ” ಎಂದು ಅತ್ತೆಯೇ ನಾಲ್ಕು ಜನರ ಮುಂದೆ ಹೇಳಿದರು. ಭಾವ ಕಂಬಕ್ಕೆ ಒರಗಿ ಕೂತಿದ್ದರು, ತಲೆ ಎತ್ತಲಿಲ್ಲ. ನಾನು ಇಲ್ಲ ಎನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದವರಿಗೆ ಊಟಕ್ಕೆ ಏಳಿ ಎಂದೆ.

ಎಷ್ಟೋ ವರ್ಷದ ಮೇಲೆ ನನ್ನ ಗಂಡನಿಗೆ ಹೇಳಿದೆ. ಕೇಳಿ, “ಈಗ್ಯಾಕ ಹೇಳ್ತಿ ಅದನ್ನ?” ಎಂದು ಎದ್ದು ಹೊಲಕ್ಕೆ ಹೋದರು. ಮಗಳಿಗೆ ಇನ್ನೂ ಹೇಳಿಲ್ಲ. ಅವಳಿಗೆ ದೊಡ್ಡಮ್ಮ ಎಂದರೆ ಇವತ್ತಿಗೂ ಜೀವ. ಹೇಳಿದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೆ ಎಂಬುದು ನನಗೆ ಗೊತ್ತು, ಅದಕ್ಕೇ ಹೇಳಿಲ್ಲ.